ಅಪ್ಪನ ಡಬ್ಬದಲ್ಲಿ ಸಿಕ್ಕಿದ ವಿಳಾಸ

ಪ್ರೀತಿಯ ರಾಘು,

ಮಳೆ ಹಿಡಿಯುವ ಮೊದಲು ಅಟ್ಟ ಗುಡಿಸುತ್ತಿದ್ದೆ. ಅಪ್ಪನ ಹಳೆಯ ಬಿಸ್ಕತ್ತಿನ ಡಬ್ಬ ಸಿಕ್ಕಿತು. ಒಳಗೆ ಹನ್ನೊಂದು ಮ್ಯಾಚ್‌ಬುಕ್. ಪುಸ್ತಕದ ರಟ್ಟಿನ ಹಾಗೆ ಮಡಚುವ ಬೆಂಕಿಪೊಟ್ಟಣ, ನೆನಪಿದೆಯಾ? ಹೋಟೆಲು, ಲಾಡ್ಜುಗಳಲ್ಲಿ ಗಿರಾಕಿಗಳಿಗೆ ಸುಮ್ನೆ ಕೊಡುತ್ತಿದ್ದರು. ಅಪ್ಪನಿಗೆ ಬೀಡಿ, ಸಿಗರೇಟಿನ ಅಭ್ಯಾಸವೇ ಇರಲಿಲ್ಲ. ಆದರೂ ಹೋದಲ್ಲಿಂದ ಒಂದೊಂದು ತಂದಿದ್ದಾರೆ. ಜಾಸ್ತಿ ಬೊಂಬಾಯಿಯವು. ಒಂದು ಮಾತ್ರ ನಮ್ಮ ಕಾಸರಗೋಡಿನದು.

ಹೋಟೆಲಿನ ಹೆಸರು ಮಡಿಕೆಯಲ್ಲೇ ಸವೆದು ಹೋಗಿದೆ. ಕೊನೆಯ 'ಭವನ' ಅಷ್ಟೇ ಓದಲು ಸಿಗುತ್ತದೆ. ಕೆಳಗೆ ವಿಳಾಸ: 'ಬಸ್ ಸ್ಟ್ಯಾಂಡ್ ಎದುರು, ಕಾಸರಗೋಡು, ಕಣ್ಣಾನೂರು ಜಿಲ್ಲೆ'. ಫೋನ್ ನಂಬರಿಗೆ ಮೂರೇ ಅಂಕಿ.

ಎರಡು ರಾತ್ರಿ ಇದನ್ನೇ ನೋಡುತ್ತ ಕೂತೆ ಮಾರಾಯ. 1956ರ ನವೆಂಬರ್ 1ರವರೆಗೆ ನಮ್ಮೂರು ದಕ್ಷಿಣ ಕನ್ನಡದಲ್ಲಿತ್ತು. ಕಣ್ಣಾನೂರು ಜಿಲ್ಲೆ ಆದದ್ದು 1957ರಲ್ಲಿ. ಕಾಸರಗೋಡೇ ಒಂದು ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಹಾಗಾದರೆ ಇದು ಆ 27 ವರ್ಷಗಳ ನಡುವಿನದು. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಇದರಲ್ಲಿ 671121 ಇಲ್ಲ. ಅದಕ್ಕೂ ಹಿಂದಿನದು ಅಂತ ನನ್ನ ಲೆಕ್ಕ. ಆದರೆ ಪಿನ್‌ಕೋಡ್ ಬರೆಯುವ ರೂಢಿ ಎಲ್ಲರಿಗೂ ಕೂಡಲೇ ಬಂದಿರಲಾರದು. ಆಣೆ ಹಾಕಿ ಹೇಳಲಾರೆ.

ಇಷ್ಟೆಲ್ಲ ಕೂಡಿಸಿ ಕಳೆದ ಮೇಲೆ ಕಣ್ಣಿಗೆ ಬಿದ್ದದ್ದು 'ಬಸ್ ಸ್ಟ್ಯಾಂಡ್' ಅನ್ನುವ ಮಾತು. 'ಹಳೆ' ಅಂತ ಇಲ್ಲ! ಈಗ ಹಳೆಯದೋ ಹೊಸತೋ ಹೇಳದೆ ನಾವು ಆಟೋ ಹತ್ತುತ್ತೇವಾ? ಇದನ್ನು ಅಚ್ಚು ಹಾಕಿಸಿದವರಿಗೆ ಪೇಟೆಯಲ್ಲಿ ಇದ್ದದ್ದು ಒಂದೇ ಸ್ಟ್ಯಾಂಡ್. ಬದಿಯಡ್ಕ, ಪೆರ್ಲದ ಬಸ್ಸಿಳಿದವರು ಎದುರಿಗೇ ಹೋಗಿ ಗೋಳಿಬಜೆ, ಕಾಫಿ ಅನ್ನುತ್ತಿದ್ದರು ಅಲ್ವಾ? ಸ್ಟ್ಯಾಂಡ್ ಎರಡಾದಾಗ ಆ ಗಿರಾಕಿಗಳೂ ಹಂಚಿಹೋಗಿರಬೇಕು.

ಇನ್ನೊಂದು ಹೇಳಲೇಬೇಕು. ವಿಳಾಸ ಮೊದಲು ಕನ್ನಡದಲ್ಲಿದೆ, ಅದರ ಕೆಳಗೆ ಮಲಯಾಳದಲ್ಲಿ. ಮೊನ್ನೆ ಇದನ್ನು ಕಿಸೆಯಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿದ್ದೆ. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ. ಕನ್ನಡದ ಬೋರ್ಡಿಗೆ ಹುಡುಕಾಡಬೇಕಾಯಿತು. ನನಗೆ ತುಂಬ ಬೇಜಾರಾಯಿತು.

ಹೈವೇ ಅಗಲ ಮಾಡುವಾಗ ದಾರಿಬದಿಯ ಎಷ್ಟೋ ಚಹಾದಂಗಡಿಗಳು ಹೋದವು. ಅವುಗಳ ಹೆಸರಿನಲ್ಲಿ ಇಷ್ಟು ಕಾಗದವೂ ಉಳಿದಿಲ್ಲ.

ನಿನ್ನ ಅಪ್ಪ ಆಗ ದಿನಾ ಪೇಟೆಗೆ ಬರುತ್ತಿದ್ದರಲ್ಲ. 'ಭವನ'ಕ್ಕೆ ಮುಂಚೆ ಸವೆದು ಹೋದ ಆ ಹೆಸರು ಏನು ಅಂತ ಅವರನ್ನು ಕೇಳು. ಎರಡೂ ಬದಿಯ ಫೋಟೋ ಕಳಿಸುತ್ತೇನೆ. ಸಂಗ್ರಹ ಮಾಡುವವರು ಕಡ್ಡಿಗಳನ್ನು ರಟ್ಟಿಗೆ ಹಿಡಿದಿಟ್ಟ ತಂತಿ ಬಿಚ್ಚಿ, ಕಡ್ಡಿ ತೆಗೆದು, ರಟ್ಟನ್ನು ಚಪ್ಪಟೆ ಮಾಡಿ ಇಡುತ್ತಾರಂತೆ. ತಂತಿಗೆ ತುಕ್ಕು ಹಿಡಿದಿದೆ, ಆದರೂ ಬಿಚ್ಚಲು ಮನಸ್ಸು ಬರಲಿಲ್ಲ. ನಾಲ್ಕು ಕಡ್ಡಿ ಇನ್ನೂ ಹಾಗೇ ಇವೆ.

ನಿನ್ನ
ಗೆಳೆಯ