ಮನೆಗೆ ಬರುವ ಸಿಸ್ಟರ್‌ಗಳ ಬುಕಿಂಗ್: ಜೂನ್ 1ರಿಂದ ಬದಲಾವಣೆ

ಮಾನ್ಯ ಗ್ರಾಹಕರೇ,

ಆ್ಯಪ್‌ನಲ್ಲಿ ಬುಕ್ ಮಾಡಿದರೆ "ಸಿಸ್ಟರ್ ಲಭ್ಯವಿಲ್ಲ" ಎಂದೇ ಬರುತ್ತದೆ ಎಂದು ಹಲವರು ಫೋನ್ ಮಾಡಿ ಬೇಸರಪಟ್ಟಿದ್ದೀರಿ. ನಮ್ಮ ಸಂಘದಲ್ಲಿ ಸಿಸ್ಟರ್‌ಗಳು ಸಾಕಷ್ಟಿದ್ದಾರೆ, ಆದರೆ ಮನೆಗೆ ಹೋಗಲು ಒಪ್ಪುತ್ತಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಕಾರಣ ಕೇಳಿದೆವು.

ದುಡ್ಡಿಗಿಂತ ಮೊದಲು ಬಂದದ್ದು ಭಯದ ಮಾತು. ವಾರ್ಡಿನಲ್ಲಿ ಕೂಗಿದರೆ ಡಾಕ್ಟರು ಬರುತ್ತಾರೆ. ಹೂಟಗಳ್ಳಿ ಆಚೆಯ ಹೊಸ ಬಡಾವಣೆಯಲ್ಲಿ ರಾತ್ರಿ ಗುರುತಿಲ್ಲದ ಮನೆಯ ಬೆಲ್ ಒತ್ತಿದರೆ ಒಳಗೆ ಯಾರಿದ್ದಾರೋ, ನಾಯಿ ಕಟ್ಟಿದ್ದಾರೋ ಇಲ್ಲವೋ ತಿಳಿಯದು. ಚೀಟಿಯಿಲ್ಲದೆ "ಹೋದ ಸಲ ಇದನ್ನೇ ಹಾಕಿದ್ರು" ಎಂದು ಆಂಟಿಬಯಾಟಿಕ್ ವಯಲ್ ಕೈಗಿಡುವವರೂ ಇದ್ದಾರಂತೆ. ಅಲರ್ಜಿಯಾಗಿ ರೋಗಿಗೆ ಉಸಿರು ಕಟ್ಟಿದರೆ ಉತ್ತರ ಹೇಳಬೇಕಾದವರು ಅಲ್ಲಿ ಒಂಟಿಯಾಗಿ ನಿಂತ ಸಿಸ್ಟರ್. ಇನ್ನು ಬೆಡ್ ಸೋರ್ (ಮಲಗಿದಲ್ಲೇ ಇರುವವರಿಗೆ ಆಗುವ ಹುಣ್ಣು) ಡ್ರೆಸಿಂಗ್ ಮುಗಿಸಿ ಕೈ ತೊಳೆಯುವಾಗ "ಹಂಗೇ ಆ ನಾಲ್ಕು ಪಾತ್ರೆ..." ಎನ್ನುವ ಮನೆಗಳ ಬಗ್ಗೆ ಹೆಚ್ಚು ಬರೆಯುವುದು ಬೇಡ.

ಆದ್ದರಿಂದ ಜೂನ್ 1ರಿಂದ ವೈದ್ಯರ ಚೀಟಿಯ ಫೋಟೋ ಹಾಕದೆ ಇಂಜೆಕ್ಷನ್, ಡ್ರಿಪ್ಸ್ ಬುಕ್ ಆಗುವುದಿಲ್ಲ. ಆಂಟಿಬಯಾಟಿಕ್ ಇಂಜೆಕ್ಷನ್ನಿನ ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಿರಬೇಕು. ಕ್ಯಾತಿಟರ್ (ಮೂತ್ರದ ನಳಿಕೆ), ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ) ಬದಲಿಸಲು ಐದು ವರ್ಷ ಆಸ್ಪತ್ರೆಯಲ್ಲಿ ದುಡಿದವರನ್ನೇ ಕಳಿಸುತ್ತೇವೆ. 2019ರಲ್ಲಿ ಚೀನಾ ಆನ್‌ಲೈನ್ ಬುಕಿಂಗ್‌ನ ಮನೆ ಶುಶ್ರೂಷೆಯನ್ನು ಪ್ರಾಯೋಗಿಕವಾಗಿ ಶುರುಮಾಡಿದಾಗಲೂ ಇಷ್ಟೇ ಅನುಭವ ಕೇಳಿತ್ತು; ನಮಗೂ ಅದು ಸರಿಯೆನಿಸಿದೆ.

ಸಿಸ್ಟರ್ ಬಂದಾಗ ಮನೆಯವರೊಬ್ಬರು ಜೊತೆಗಿರಲೇಬೇಕು. ಸಂಜೆ 7ರ ನಂತರ ಇಬ್ಬರು ಬರುತ್ತಾರೆ, ದರವೂ ಹೆಚ್ಚು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಅವರು ಕೆಲಸಕ್ಕೆ ಬಂದ ಮನೆಯೂ ಕೆಲಸದ ಸ್ಥಳವೇ. ದೂರು ಬಂದರೆ ಆ ಮನೆಯ ಬುಕಿಂಗ್ ಅಂದೇ ನಿಲ್ಲುತ್ತದೆ.

ಆಟೋ ಖರ್ಚು ಇನ್ನು ಮುಂದೆ ಬಿಲ್ಲಿನಲ್ಲಿ ಬೇರೆಯಾಗಿ ಕಾಣುತ್ತದೆ, ಪೂರ್ತಿ ಸಿಸ್ಟರ್‌ಗೇ ಸೇರುತ್ತದೆ. ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಲ್ಲವೇ ಎಂದು ಒಬ್ಬರು ಕೇಳಿದರು. ಉಚಿತವೇ, ಆದರೆ ಕೊನೇ ಕ್ರಾಸಿನ ತನಕ ಬಸ್ ಬರಬೇಕಲ್ಲ!

ಬಳಸಿದ ಸೂಜಿಗಳನ್ನು ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ, ಸಿಸ್ಟರ್ ತಮ್ಮ ಡಬ್ಬಿಯಲ್ಲಿ ವಾಪಸ್ ತರುತ್ತಾರೆ.

ತಿಂಗಳ ಪ್ಯಾಕೇಜ್ ಪಡೆದವರಿಗೆ ಅವಧಿ ಮುಗಿಯುವವರೆಗೆ ಹಳೆಯ ದರವೇ, ಈಗ ಬರುತ್ತಿರುವ ಸಿಸ್ಟರೇ ಬರುತ್ತಾರೆ. ಆ್ಯಪ್ ಬಾರದ ಹಿರಿಯರು ಎಂದಿನಂತೆ ಕಚೇರಿಗೆ ಫೋನ್ ಮಾಡಿ. ಚೀಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ಆದೀತು.

ಇಂತಿ,
ಕಾರ್ಯದರ್ಶಿ
ಗೃಹ ಶುಶ್ರೂಷಾ ಸಹಕಾರ ಸಂಘ, ಮೈಸೂರು