ಪಾಕ ಹದಕ್ಕೆ ಬಂದಾಗ ಕರೆ ಮಾಡು

ಕೊಲಂಬಸ್, ಒಹಾಯೊ
ಅಕ್ಟೋಬರ್ 12

ಪ್ರೀತಿಯ ಗೆಳೆಯ,

ನಿನ್ನ ಸಂದೇಶ ಓದಿ ತುಂಬಾ ಸಂತೋಷವಾಯಿತು. ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಈ ಸಲ ಹ್ಯಾಲೋವೀನ್ ಮಾಡುತ್ತಾರಂತೆ, ತಿಂಡಿಯ ಹೊಣೆ ನಿನ್ನ ಮನೆಗೆ ಬಂದಿದೆಯಂತೆ, ಮಗಳು "ಅಂಗಡಿಯದು ಬೇಡ, ನಾವೇ ಮಾಡೋಣ" ಎಂದು ಹಟ ಹಿಡಿದಿದ್ದಾಳಂತೆ. ಅವಳ ಹಟ ಸರಿಯಾಗಿದೆ. ಹನ್ನೊಂದು ವರ್ಷಗಳಿಂದ ಇಲ್ಲಿ ಪ್ರತಿ ಅಕ್ಟೋಬರ್ ಕೊನೆಗೆ ನಮ್ಮ ಅಡುಗೆಮನೆಯಲ್ಲಿ ಇದೇ ಕೆಲಸ ನಡೆಯುತ್ತಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂದು ಪತ್ರವನ್ನೇ ಬರೆಯಲು ಕುಳಿತೆ.

ಮೊದಲು ಅಮ್ಮನ ಮಾತು. "ದೀಪಾವಳಿಯ ಹೊತ್ತಿನಲ್ಲಿ ಮನೆಯೊಳಗೆ ದೆವ್ವ ಭೂತ ಯಾಕೆ" ಎಂದು ಅವರು ಬೇಸರ ಮಾಡಿಕೊಂಡಿದ್ದಾರೆಂದು ಬರೆದಿದ್ದೀಯ. ಅವರಿಗೆ ನನ್ನ ನಮಸ್ಕಾರ ತಿಳಿಸಿ ಇದನ್ನು ಓದಿ ಹೇಳು. ಹಳೆಯ ಐರ್ಲೆಂಡಿನವರಿಗೆ ಹ್ಯಾಲೋವೀನ್ ಬರುವ ಅಕ್ಟೋಬರ್ 31ರ ರಾತ್ರಿ ಎಂದರೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತು. ಸತ್ತವರು ಆ ರಾತ್ರಿ ಮನೆಯ ಕಡೆ ಬರುತ್ತಾರೆ ಎಂಬ ನಂಬಿಕೆ. ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಅವರು ಟರ್ನಿಪ್ ಗಡ್ಡೆಯನ್ನು ಕೊರೆದು, ಮುಖ ಮಾಡಿ, ಒಳಗೆ ದೀಪವಿಟ್ಟು ಬಾಗಿಲಲ್ಲಿ ಇಡುತ್ತಿದ್ದರು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ ಲಕ್ಷಾಂತರ ಮಂದಿ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಅವರ ಪದ್ಧತಿಗೆ ಈ ನೆಲದ ಕುಂಬಳಕಾಯಿ ಒದಗಿತು. ದೊಡ್ಡದು, ಕೊರೆಯಲು ಸುಲಭ. ಈಗ ಅಮ್ಮನನ್ನು ಬಾಲ್ಕನಿಗೆ ಕರೆದು ಎದುರಿನ ಕಟ್ಟಡ ತೋರಿಸು. ಕಟ್ಟುತ್ತಿರುವ ಮನೆಗಳ ಮುಂದೆ ದೃಷ್ಟಿಗೆಂದು ಬೂದುಗುಂಬಳಕ್ಕೆ ಕಣ್ಣು, ಮೀಸೆ, ಕೋರೆಹಲ್ಲು ಬರೆದು ನೇತುಹಾಕುತ್ತಾರಲ್ಲ? ಆಯುಧಪೂಜೆಗೆ ಕುಂಬಳಕಾಯಿಯೊಳಗೆ ಕುಂಕುಮ ತುಂಬಿ, ನಾಣ್ಯ ಹಾಕಿ ಒಡೆಯುತ್ತೇವಲ್ಲ? ಐರ್ಲೆಂಡಿನವರು ಆ ರಾತ್ರಿ ಒಣದ್ರಾಕ್ಷಿಯ ಬ್ರೆಡ್ಡಿನೊಳಗೆ ಒಂದು ಉಂಗುರ, ಒಂದು ನಾಣ್ಯ ಹುದುಗಿಸಿ ಬೇಯಿಸುತ್ತಾರೆ. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ಸಂಪತ್ತು. ಅಮ್ಮನಿಗೆ ಇದರಲ್ಲಿ ಪರಕೀಯವಾದದ್ದು ಹೆಚ್ಚೇನೂ ಕಾಣಲಾರದು.

ಇನ್ನು ತಿಂಡಿ. ನೀನು ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಬಗೆ ಇವೆ. ಅಷ್ಟು ಬೇಡ. ಮೂರು ಮಾಡು, ಚೆನ್ನಾಗಿ ಮಾಡು. ಆ ಮೂರರಲ್ಲಿ ಒಂದು ಪಾಪ್‌ಕಾರ್ನ್ ಉಂಡೆ ಆಗಿರಲೇಬೇಕು.

ಯಾಕೆಂದು ಹೇಳುತ್ತೇನೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರು ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಹ್ಯಾಲೋವೀನಿಗೆ ತಿಂಡಿ ಕೇಳುತ್ತಾ ಬಾಗಿಲಿಗೆ ಬಂದ ಮಕ್ಕಳಿಗೆ ಪ್ರತಿ ಮನೆಯಲ್ಲೂ ಕೈಯಲ್ಲಿ ಕಟ್ಟಿದ ಪಾಪ್‌ಕಾರ್ನ್ ಉಂಡೆ, ಸೇಬು, ಬಿಸ್ಕತ್ತು ಕೊಡುತ್ತಿದ್ದರಂತೆ. ಆಮೇಲೆ ಅದು ನಿಂತುಹೋಯಿತು. 1974ರಲ್ಲಿ ಟೆಕ್ಸಾಸಿನ ಒಬ್ಬ ತಂದೆ ವಿಮೆಯ ಹಣಕ್ಕಾಗಿ ತನ್ನ ಮಗನ ಮಿಠಾಯಿಗೇ ಸೈನೈಡ್ ಬೆರೆಸಿ, ಯಾರೋ ಗೊತ್ತಿಲ್ಲದವರು ಕೊಟ್ಟದ್ದು ಎಂದ. 1982ರ ಶರತ್ಕಾಲದಲ್ಲಿ ಷಿಕಾಗೋ ಸುತ್ತಮುತ್ತ ನೋವಿನ ಮಾತ್ರೆಗೆ ಯಾರೋ ವಿಷ ಬೆರೆಸಿ 7 ಮಂದಿ ಸತ್ತರು. ಹ್ಯಾಲೋವೀನಿಗೆ ಆಗ ಕೆಲವೇ ವಾರ ಉಳಿದಿತ್ತು. ದೇಶವೆಲ್ಲ ಹೆದರಿತು. ಮನೆಯಲ್ಲಿ ಮಾಡಿದ್ದನ್ನು ತೆಗೆದುಕೊಳ್ಳಬೇಡಿ, ಕಾರ್ಖಾನೆಯಲ್ಲಿ ಮುಚ್ಚಿದ ಪೊಟ್ಟಣ ಮಾತ್ರ ಎಂದು ಮಕ್ಕಳಿಗೆ ಹೇಳಿಕೊಟ್ಟರು. ಇಂದಿಗೂ ಹಾಗೆಯೇ ಇದೆ. ನಮ್ಮ ಊರಿನಲ್ಲಿ ಸಂಜೆ ಆರರಿಂದ ಎಂಟರವರೆಗೆ ಮಕ್ಕಳು ಮನೆಮನೆಗೆ ಬರುತ್ತಾರೆ, ನಾನೂ ಬಣ್ಣದ ಕಾಗದ ಸುತ್ತಿದ ಚಾಕೊಲೇಟನ್ನೇ ಚೀಲಕ್ಕೆ ಹಾಕುತ್ತೇನೆ. ಅವರ ಕೈಗೆ ನನ್ನ ಅಡುಗೆ ತಲುಪುವುದಿಲ್ಲ ಎಂಬ ಸಂಕಟ ನನಗೆ ಪ್ರತಿ ವರ್ಷವೂ ಆಗುತ್ತದೆ.

ನಿನಗೆ ನೆನಪಿದೆಯೇ, ನಮ್ಮೂರಿನಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ತೋಟದ ದಾರಿಯಲ್ಲಿ ಬರುತ್ತಿದ್ದುದು? ನಡುರಾತ್ರಿ ಎಬ್ಬಿಸಿದರೂ ಅಜ್ಜಿ ಸಿಡುಕುತ್ತಿರಲಿಲ್ಲ. ಅವರ ದೀಪದಿಂದ ನಮ್ಮ ಹಣತೆ ಹೊತ್ತಿಸಿಕೊಂಡು, ಮೊರದಲ್ಲಿ ಅಕ್ಕಿ, ಅಡಿಕೆ, ತೆಂಗಿನಕಾಯಿ ಇಟ್ಟು, ಮೇಲೆ ಮನೆಯ ಕಡುಬು ಕೊಡುತ್ತಿದ್ದರು. ಯಾರ ಮನೆಯ ಕಡುಬು ಎಂದು ಯಾರೂ ಅನುಮಾನಿಸಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಆ ನಂಬಿಕೆ ಈಗ ಉಳಿದಿರುವುದು ಗುರುತಿನವರು ಸೇರುವ ಪಾರ್ಟಿಗಳಲ್ಲಿ ಮಾತ್ರ. ಅದಕ್ಕೇ ಹೇಳುತ್ತೇನೆ, ನಿನ್ನ ಮನೆಗೆ ಬರುವ ಆ ಮಕ್ಕಳಿಗೆ ಉಂಡೆಯನ್ನು ಕೈಯಲ್ಲಿ ಕಟ್ಟಿಯೇ ಕೊಡು.

ಮಾಡುವುದು ಹೀಗೆ. 100 ಗ್ರಾಂ ಪಾಪ್‌ಕಾರ್ನ್ ಜೋಳವನ್ನು ಸ್ವಲ್ಪ ಎಣ್ಣೆಯಲ್ಲಿ ಅರಳಿಸು. ದೊಡ್ಡ ಪಾತ್ರೆ ತುಂಬ ಆಗುತ್ತದೆ. ಪಾತ್ರೆ ಅಲುಗಿಸಿದರೆ ಅರಳದ ಕಾಳೆಲ್ಲ ತಳಕ್ಕೆ ಇಳಿಯುತ್ತದೆ. ಮೇಲಿನದನ್ನು ಕೈಯಲ್ಲಿ ಎತ್ತಿ ಬೇರೆ ಪಾತ್ರೆಗೆ ಹಾಕು. ಅರಳದ ಒಂದು ಕಾಳು ಉಳಿದರೂ ಹಲ್ಲಿಗೆ ಪೆಟ್ಟು. 200 ಗ್ರಾಂ ಅಚ್ಚು ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ ಸೋಸಿಕೋ, ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ. ಮತ್ತೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಇಡು. ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು.

ಇಲ್ಲಿಂದ ಮುಂದೆ ಕಣ್ಣು ಕದಲಿಸಬೇಡ. ಮೊದಲ ವರ್ಷ ನಾನು ಇಲ್ಲಿನ ಪುಸ್ತಕ ನೋಡಿಕೊಂಡು ಸಕ್ಕರೆಗೆ ಥರ್ಮಾಮೀಟರ್ ಹಿಡಿದು ನಿಂತಿದ್ದೆ. ಉಪಕರಣ ತಪ್ಪು ತೋರಿಸುತ್ತಿತ್ತು, ಪಾಕ ಎಳೆಯದಾಗಿ ಇಳಿಸಿಬಿಟ್ಟೆ. ಕಟ್ಟಿದ ಉಂಡೆಗಳು ಅರ್ಧ ಗಂಟೆಯಲ್ಲಿ ಸಡಿಲವಾಗಿ ತಟ್ಟೆಯ ತುಂಬ ಚಪ್ಪಟೆಯಾಗಿ ಹರಡಿಕೊಂಡವು. ಪುಸ್ತಕದ ಪ್ರಕಾರ 121ರಿಂದ 130 ಡಿಗ್ರಿ ಸೆಲ್ಸಿಯಸ್ ಬರಬೇಕು, ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟರೆ ಗಟ್ಟಿ ಗೋಲಿ ಆಗಬೇಕು. ಅದನ್ನು ಓದುತ್ತಿದ್ದಾಗ ನನಗೆ ಸಾಗರದ ಮಾರಿಕಾಂಬಾ ಜಾತ್ರೆಯ ವರ್ಷ ಅಜ್ಜಿ ಮಂಡಕ್ಕಿ ಉಂಡೆ ಕಟ್ಟುತ್ತಿದ್ದುದು ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಬಟ್ಟಲು ನೀರು. ಸೌಟಿನ ತುದಿಯಿಂದ ಒಂದು ಹನಿ ನೀರಿಗೆ ಬಿಡುವುದು, ಎರಡು ಬೆರಳಲ್ಲಿ ಉರುಟು ಮಾಡುವುದು, ಸ್ಟೀಲ್ ತಟ್ಟೆಗೆ ಎಸೆಯುವುದು. ಮೆತ್ತಗೆ ಅಂಟಿಕೊಂಡರೆ ಇನ್ನೂ ಹೊತ್ತು ಬೇಕು. "ಠಣ್" ಎಂದರೆ ಇಳಿಸು. ಅಜ್ಜಿ ಬಾಣಲೆಯ ಕಡೆ ನೋಡುತ್ತಲೂ ಇರಲಿಲ್ಲ, ಕಿವಿಯಿಂದಲೇ ಹದ ತಿಳಿಯುತ್ತಿದ್ದರು. ಎರಡನೆಯ ವರ್ಷದಿಂದ ನಾನು ತಟ್ಟೆಯನ್ನೇ ನಂಬಿದ್ದೇನೆ. ಬೀದಿಯ ಕೊನೆಯ ಮನೆಯ ಅಜ್ಜಿಗೆ ಒಮ್ಮೆ ತೋರಿಸಿದಾಗ ಅವರು ನನ್ನ ಕೈ ಹಿಡಿದುಕೊಂಡು, ತಮ್ಮ ತಾಯಿಯೂ ನೀರಿನ ಬಟ್ಟಲನ್ನೇ ಇಟ್ಟುಕೊಳ್ಳುತ್ತಿದ್ದರು ಎಂದರು.

ಉರಿ ಆರಿಸಿದ ಕೂಡಲೇ ಪಾಪ್‌ಕಾರ್ನ್ ಮೇಲೆ ಸುರಿದು ಮರದ ಸೌಟಿನಲ್ಲಿ ಕೆದಕು. ಕೈಗೆ ತುಪ್ಪ ಸವರಿಕೊಂಡು, ತಾಳಬಹುದಾದಷ್ಟು ಬಿಸಿ ಇರುವಾಗಲೇ ಕಟ್ಟು. ಹಿಸುಕಬೇಡ, ಹಿಸುಕಿದರೆ ಕಲ್ಲಾಗುತ್ತದೆ. ಪಾಕ ಇರುವಷ್ಟು ಹೊತ್ತು ಮಕ್ಕಳು ಒಲೆಯಿಂದ ದೂರ ಇರಲಿ. ಆಮೇಲೆ ಅವರನ್ನು ಕರೆ. ಕಣ್ಣಿಗೆ ಒಣದ್ರಾಕ್ಷಿ, ಬಾಯಿಗೆ ಕರಗಿದ ಚಾಕೊಲೇಟಿನ ಗೆರೆ, ಇದೆಲ್ಲ ಅವರ ಕೆಲಸ. ನಿನ್ನ ಮಗಳು ಬರೆಯುವ ದೆವ್ವದ ಮುಖ ನೀನು ಬರೆಯುವುದಕ್ಕಿಂತ ಚೆನ್ನಾಗಿಯೇ ಇರುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಪಾಪ್‌ಕಾರ್ನ್ ಕೊಡಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಮಾಟಗಾತಿಯ ಬೆರಳು. ಹೆಸರು ಕೇಳಿ ಹೆದರಬೇಡ, ಬೆಣ್ಣೆ ಬಿಸ್ಕತ್ತು ಅಷ್ಟೇ. 150 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ ನಾದಿ, ಎರಡು ಲೋಟ ಮೈದಾ, ಚಿಟಿಕೆ ಉಪ್ಪು ಸೇರಿಸಿ ಕಲಸು. ಬೆರಳಿಗಿಂತ ತೆಳ್ಳಗೆ ಹೊಸೆಯಬೇಕು, ಯಾಕೆಂದರೆ ಒವನ್‌ನಲ್ಲಿ ಊದಿಕೊಂಡು ದಪ್ಪವಾಗುತ್ತದೆ. ಗಿಣ್ಣಿನ ಜಾಗದಲ್ಲಿ ಚಾಕುವಿನ ಬೆನ್ನಿನಿಂದ ಮೂರು ಮೂರು ಗೆರೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 165 ಡಿಗ್ರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ. ಫ್ರಿಜ್ಜಿನಲ್ಲಿಡುವುದನ್ನು ಬಿಟ್ಟರೆ ಗೆರೆಗಳೆಲ್ಲ ಮಾಯವಾಗುತ್ತವೆ. ಉಗುರಿಗೆ ಬಾದಾಮಿ ಅಂಟಿಸುವುದು ಇಲ್ಲಿನ ರೂಢಿ, ಅಂಟಿಸಲು ಕೆಂಪು ಜಾಮ್, ನೆತ್ತರು ಜಿನುಗಿದಂತೆ ಕಾಣಲಿ ಎಂದು. ಆದರೆ ಬರುವ ಮಕ್ಕಳಲ್ಲಿ ಯಾರಿಗಾದರೂ ಶೇಂಗಾ, ಬಾದಾಮಿಯಂಥವು ಒಗ್ಗುವುದಿಲ್ಲವೇ ಎಂದು ಪ್ರತಿ ಮನೆಗೂ ಮೊದಲೇ ಕೇಳು. ಇಲ್ಲಿ 2014ರಿಂದ ಅನೇಕರು ಬಾಗಿಲಲ್ಲಿ ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳಕಾಯಿ ಇಡುತ್ತಾರೆ. ಆ ಮನೆಯಲ್ಲಿ ಅಲರ್ಜಿ ಇರುವ ಮಕ್ಕಳಿಗೆ ತಿಂಡಿಯ ಬದಲು ಆಟಿಕೆ ಸಿಗುತ್ತದೆ ಎಂದು ಅರ್ಥ. ನಾನು ಉಗುರಿಗೆ ಕುಂಬಳಬೀಜವನ್ನೇ ಬಳಸುತ್ತೇನೆ, ಬಾದಾಮಿಗಿಂತ ಅದೇ ಉಗುರಿನ ಹಾಗೆ ಕಾಣುತ್ತದೆ. ಬಾದಾಮಿ ಒಗ್ಗದವರಿಗೆ ಅದು ಒಗ್ಗುತ್ತದೆಯೇ ಎಂದೂ ಕೇಳಿಕೊಂಡುಬಿಡು.

ಮೂರನೆಯದು ಚೀನಿಕಾಯಿ, ಅಂದರೆ ಸಿಹಿಗುಂಬಳದ ಕಡುಬು. ಹೌದು, ನಮ್ಮ ಮನೆಗಳ ದೀಪಾವಳಿ ಕಡುಬೇ. ಇಲ್ಲಿಂದ ದಕ್ಷಿಣಕ್ಕೆ ಸರ್ಕಲ್‌ವಿಲ್ ಎಂಬ ಸಣ್ಣ ಊರಿದೆ. ಅಲ್ಲಿ 1903ರಲ್ಲಿ ಶುರುವಾದ ಕುಂಬಳಕಾಯಿ ಜಾತ್ರೆ ಈಗಲೂ ಅಕ್ಟೋಬರಿನಲ್ಲಿ ನಡೆಯುತ್ತದೆ. ರಾಶಿ ರಾಶಿ ಕುಂಬಳದ ನಡುವೆ ನಿಂತಾಗ ನನಗೆ ಮನೆಯ ಅಟ್ಟದ ನೆನಪಾಗಿತ್ತು. ಮುಖ ಕೊರೆಯುವ ದೊಡ್ಡ ಕಾಯಿ ಅಡುಗೆಗೆ ಬಾರದು, ಬರೀ ನೀರು, ನಾರು. ಅಡುಗೆಗೆ ಸಣ್ಣ ಸಿಹಿ ಜಾತಿ ಬೇರೆ ಇದೆ. ನಿನಗೆ ಆ ಚಿಂತೆಯಿಲ್ಲ, ಮಾರುಕಟ್ಟೆಯ ಸಿಹಿಗುಂಬಳ ಸಾಕು. ಎರಡು ಲೋಟ ತುರಿಗೆ ಒಂದು ಲೋಟ ಅಕ್ಕಿ ತರಿ, ಮುಕ್ಕಾಲು ಲೋಟ ಬೆಲ್ಲ, ಹಿಡಿ ಕಾಯಿತುರಿ, ಏಲಕ್ಕಿ. ನೀರು ಹಾಕಬೇಡ, ತುರಿಯೇ ಬಿಟ್ಟುಕೊಳ್ಳುತ್ತದೆ. ಬಾಳೆಎಲೆಯಲ್ಲಿ ಮಡಿಸಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸು. ಎಲೆ ಬಿಚ್ಚಿದಾಗ ಒಳಗಿನಿಂದ ಕಿತ್ತಳೆ ಬಣ್ಣ ಕಾಣುತ್ತದಲ್ಲ, ಹ್ಯಾಲೋವೀನಿನ ಬಣ್ಣವೂ ಅದೇ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು. ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ಇದೇ ಕಡುಬು ತಿಂದು, ಸಂಜೆ ಇದನ್ನೇ ಪಾರ್ಟಿಯ ಮೇಜಿನ ಮೇಲಿಟ್ಟೆವು. ಮಗಳ ಗೆಳತಿಯೊಬ್ಬಳು ಎಲೆ ಬಿಚ್ಚಿ ಮೊದಲು ಮೂಸಿ ನೋಡಿದಳು, ಆಮೇಲೆ ಮನೆಗೆ ಎರಡು ಕಟ್ಟಿಸಿಕೊಂಡು ಹೋದಳು.

ಬೀಜ ಎಸೆಯಬೇಡ. ನೀರಿನಲ್ಲಿ ಕೈಯಾಡಿಸಿದರೆ ನಾರು ಬಿಡುತ್ತದೆ. ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಒಣಗಿಸಿ, ಎಣ್ಣೆ, ಮೆಣಸಿನಪುಡಿ, ಇಂಗು ಹಾಕಿ ಬಾಣಲೆಯಲ್ಲಿ ಗರಿಗರಿಯಾಗಿ ಹುರಿ. ದೊಡ್ಡವರು ಇದರ ಸುತ್ತಲೇ ಕೂರುತ್ತಾರೆ.

ನಿನ್ನ ಪಟ್ಟಿಯಲ್ಲಿ ಮೊದಲು ಇದ್ದದ್ದು ಕಡ್ಡಿಗೆ ಸಿಕ್ಕಿಸಿ ಕ್ಯಾರಮೆಲ್‌ನಲ್ಲಿ ಅದ್ದಿದ ಸೇಬು. ಅದನ್ನು ನಾನು ಬಿಟ್ಟುಬಿಟ್ಟೆ. 2014ರ ಕೊನೆಯಲ್ಲಿ ಇಲ್ಲಿ ಕಾರ್ಖಾನೆಯಲ್ಲಿ ಮಾಡಿದ ಅಂಥ ಸೇಬಿನಿಂದ ಲಿಸ್ಟೀರಿಯಾ ಎಂಬ ರೋಗಾಣುವಿನ ಸೋಂಕು ಹಬ್ಬಿ ಸಾವುಗಳಾದವು. ಕಡ್ಡಿ ಚುಚ್ಚಿದ ಜಾಗದಿಂದ ರಸ ಜಿನುಗಿ ಸೇಬಿಗೂ ಕ್ಯಾರಮೆಲ್‌ಗೂ ನಡುವೆ ತೇವ ನಿಲ್ಲುತ್ತದೆ. ಹೊರಗಿಟ್ಟರೆ ಆ ತೇವದಲ್ಲಿ ರೋಗಾಣು ಬೆಳೆಯುತ್ತದೆ. ಮಗಳಿಗೆ ಬೇಕೇ ಬೇಕು ಎಂದಾದರೆ ಸೇಬನ್ನು ಹೋಳು ಮಾಡಿ, ಕ್ಯಾರಮೆಲ್ ಬಟ್ಟಲಿನಲ್ಲಿಟ್ಟು, ತಿನ್ನುವಾಗ ಅದ್ದಿಕೊಳ್ಳಲಿ. ನಿಮ್ಮಲ್ಲಿ ಈಗ ಹಿಮಾಚಲ, ಕಾಶ್ಮೀರದ ಹೊಸ ಸೇಬಿನ ಕಾಲವೂ ಹೌದು. ಹಾಗೆಯೇ, ಅಂಗಡಿಯ ಹುಳುವಿನ ಆಕಾರದ ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ, ಪೊಟ್ಟಣ ಓದದೆ ತರಬೇಡ. ಅಮ್ಮ ತಿನ್ನುವ ಮನೆ ಅದು.

ಹಿಂದಿನ ದಿನವೇ ಬಿಸ್ಕತ್ತು, ಬೀಜ ಮುಗಿಸಿಕೋ. ಕಡುಬಿಗೆ ಅಮ್ಮನನ್ನೇ ಕೂರಿಸು, ಬೇಸರವೆಲ್ಲ ಎಲೆ ಮಡಿಸುವಾಗ ಹೋಗಿಬಿಡುತ್ತದೆ. ಉಂಡೆ ಮಾತ್ರ ಅದೇ ಸಂಜೆ. ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ ಬೆಳಿಗ್ಗೆ ಒಂಬತ್ತೂವರೆ, ನಾನು ಬಿಡುವಾಗಿಯೇ ಇರುತ್ತೇನೆ. ಪಾಕ ನೊರೆ ಕಟ್ಟಲು ಶುರುವಾದಾಗ ಕರೆ ಮಾಡಿ ಫೋನನ್ನು ತಟ್ಟೆಯ ಪಕ್ಕದಲ್ಲಿಡು. ಮಗಳೇ ಹನಿ ಎಸೆಯಲಿ. ಶಬ್ದ ಕೇಳಿ ಇಳಿಸಬಹುದೋ, ಇನ್ನೂ ಕಾಯಬೇಕೋ ಹೇಳುತ್ತೇನೆ.

ಇಂತಿ,
ನಿನ್ನ ಹಳೆಯ ಗೆಳೆಯ