ನೀರಿನ ಮಾತ್ರೆ ತೆಗೆದುಕೊಳ್ಳುವ ಬಿಪಿಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕಿಸಿ ಬಿಪಿ ಇಳಿಸುವುದೇ ನೀರಿನ ಮಾತ್ರೆ. ‘ಈಗ ಮೂತ್ರ ಮೊದಲಿನಷ್ಟು ಹೋಗುತ್ತಿಲ್ಲ’ ಎಂದು ಅದನ್ನು ಬಿಡಬೇಡಿ.

ಉಪ್ಪು ತಿಂದರೆ ಬಿಪಿ ಏರುವವರ ಮೂತ್ರಪಿಂಡ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಒತ್ತಡ ಹೆಚ್ಚಿದ ಮೇಲಷ್ಟೇ ಬಿಡುತ್ತದೆ. ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಜೈಡ್ (ಸಾಮಾನ್ಯವಾಗಿ ದಿನಕ್ಕೆ 12.5ರಿಂದ 25 ಮಿ.ಗ್ರಾಂ) ಎಂಬ ನೀರಿನ ಮಾತ್ರೆಗಳು ಮೂತ್ರಪಿಂಡದಲ್ಲಿ ಸೋಡಿಯಂ ರಕ್ತಕ್ಕೆ ಮರಳುವ ಒಂದು ಬಾಗಿಲನ್ನು ಮುಚ್ಚುತ್ತವೆ. ಮೊದಮೊದಲು ಉಪ್ಪಿನ ಹಿಂದೆ ನೀರೂ ಹೋಗಿ ರಕ್ತದ ಪ್ರಮಾಣ ತಗ್ಗುತ್ತದೆ. ಕೆಲವು ವಾರಗಳಲ್ಲಿ ಅದು ಹೆಚ್ಚುಕಡಿಮೆ ಮೊದಲಿನಂತಾದರೂ ರಕ್ತನಾಳಗಳ ಬಿಗಿತ ಸಡಿಲಗೊಂಡಿರುತ್ತದೆ, ಬಿಪಿ ಇಳಿದೇ ಇರುತ್ತದೆ. ಹಾಗಾಗಿ ಬಚ್ಚಲಿಗೆ ಎಷ್ಟು ಸಲ ಹೋದಿರಿ ಎಂಬುದು ಅಳತೆಯಲ್ಲ, ಬಿಪಿ ಮಷಿನ್ನಿನ ಅಂಕಿಯೇ ಅಳತೆ.

‘ಮಾತ್ರೆ ಇದೆಯಲ್ಲ’ ಎಂದು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗೆ ಕೈಹಾಕಿದರೆ ಎರಡು ನಷ್ಟ: ಬಿಪಿ ಇಳಿಯುವುದಿಲ್ಲ, ಜೊತೆಗೆ ಪೊಟ್ಯಾಶಿಯಂ ಇನ್ನಷ್ಟು ಸೋರಿಹೋಗುತ್ತದೆ. ಮೀನಖಂಡ ಹಿಡಿದುಕೊಳ್ಳುವುದು, ಸುಸ್ತು, ಎದೆಬಡಿತ ತಪ್ಪುವುದು ಅದರ ಲಕ್ಷಣಗಳು. ಇಡೀ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ, ದಾಟಬಾರದು. ಸಾರಿನಲ್ಲಿರುವುದೂ ಈ ಲೆಕ್ಕಕ್ಕೇ.

ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿದರೆ ರಾತ್ರಿ ನಿದ್ದೆ ಕೆಡುವುದಿಲ್ಲ. ಶುರುಮಾಡಿದ 2ರಿಂದ 4 ವಾರದಲ್ಲಿ ಸೋಡಿಯಂ, ಪೊಟ್ಯಾಶಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಶ) ರಕ್ತಪರೀಕ್ಷೆ ಆಗಲೇಬೇಕು. ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲದಿಂದ ಮಾತಾಡಿದರೆ ಸೋಡಿಯಂ ಕುಸಿದಿರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಈ ಮಾತ್ರೆಯ ಬಲ ಕುಗ್ಗಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಕೀಲು ಊದಿ ನೋಯುವ ಕಾಯಿಲೆ) ಇದ್ದವರು ಮೊದಲೇ ವೈದ್ಯರಿಗೆ ಹೇಳಿ. ವಾಂತಿಭೇದಿ ಹಿಡಿದ ದಿನ ಮಾತ್ರೆ ನುಂಗುವ ಮುನ್ನ ವೈದ್ಯರಿಗೆ ಫೋನ್ ಮಾಡಿ.